ಬಿಗಿದ ಮೀನಖಂಡಗಳಿಗೆ ಫೋಮ್ ರೋಲರ್: ಒಂದು ಖೋ ಖೋ ತಂಡ ಎಂಟು ತಿಂಗಳು ಬಳಸಿದ ಮೇಲೆ

ಮೈಸೂರು ಜಿಲ್ಲೆಯ ಪ್ರೌಢಶಾಲೆಯೊಂದರಲ್ಲಿ ನಾನು ದೈಹಿಕ ಶಿಕ್ಷಣ ಶಿಕ್ಷಕ. ನಮ್ಮ ಬಾಲಕಿಯರ ಖೋ ಖೋ ತಂಡಕ್ಕೆಂದು ಕಳೆದ ಜುಲೈನಲ್ಲಿ, ಬಿಗಿದ ಸ್ನಾಯುವಿನ ಕೆಳಗಿಟ್ಟು ಮೈಭಾರ ಹಾಕಿ ಹಿಂದೆ ಮುಂದೆ ಉರುಳಿಸುವ ಮೂರು ಫೋಮ್ ರೋಲರ್‌ಗಳನ್ನು ಆನ್‌ಲೈನ್ ಮೂಲಕ ತರಿಸಿದೆ. ಅವುಗಳಲ್ಲಿ ಎರಡು ಗಟ್ಟಿ ಜಾತಿಯವು: ನಡುವೆ ಟೊಳ್ಳಾದ ಪ್ಲಾಸ್ಟಿಕ್ ಕೊಳವೆ, ಅದರ ಮೇಲೆ ಉಬ್ಬುತಗ್ಗುಗಳಿರುವ ಕಪ್ಪು ಫೋಮಿನ ಹೊದಿಕೆ, ಉದ್ದ 33 ಸೆಂಟಿಮೀಟರ್, ಬೆಲೆ ಒಂದಕ್ಕೆ 1,150 ರೂಪಾಯಿ. ಮೂರನೆಯದು ಒಳಗೂ ಹೊರಗೂ ಒಂದೇ ಮೆತ್ತನೆಯ ಬಿಳಿ ಫೋಮಿನದು, ಬೆಲೆ 480 ರೂಪಾಯಿ. ಎಂಟು ತಿಂಗಳು ವಾರಕ್ಕೆ ಐದು ದಿನ ಹದಿನಾಲ್ಕು ಹುಡುಗಿಯರು ಇವನ್ನು ಬಳಸಿದ್ದಾರೆ. ಅವರ ಜೊತೆ ನಾನೂ ಬಳಸಿದ್ದೇನೆ. ಶಾಲೆಗಳಿಗೆ, ಊರಿನ ಸಣ್ಣ ಕ್ಲಬ್ಬುಗಳಿಗೆ ಇವನ್ನು ಕೊಳ್ಳಬೇಕೇ ಎಂದು ಸಹೋದ್ಯೋಗಿಗಳು ಪದೇ ಪದೇ ಕೇಳುತ್ತಿರುವುದರಿಂದ ವಿವರವಾಗಿ ಬರೆಯುತ್ತಿದ್ದೇನೆ.

ಖೋ ಖೋ ಆಟಗಾರ್ತಿಯ ಕಾಲಿಗೆ ಬೀಳುವ ಕೆಲಸವೇನು ಎಂಬುದನ್ನು ಮೊದಲು ಹೇಳಬೇಕು. ಬೆನ್ನಟ್ಟುವ ತಂಡದ ಎಂಟು ಮಂದಿ ನಡುಗೆರೆಯ ಚೌಕಗಳಲ್ಲಿ ಒಬ್ಬರು ಈ ಕಡೆ, ಇನ್ನೊಬ್ಬರು ಆ ಕಡೆ ಮುಖ ಮಾಡಿ ಕುಕ್ಕರುಗಾಲಿನಲ್ಲಿ ಕೂತಿರುತ್ತಾರೆ. ಹಿಮ್ಮಡಿ ಅರ್ಧ ಎದ್ದಿರುತ್ತದೆ, ಮೈಭಾರವೆಲ್ಲ ಮುಂಗಾಲಿನ ಮೇಲಿರುತ್ತದೆ, ಮೀನಖಂಡ ಕುಗ್ಗಿ ಗಟ್ಟಿಯಾಗಿ ನಿಂತಿರುತ್ತದೆ. ಬೆನ್ನಿಗೆ 'ಖೋ' ಬಿದ್ದ ಕ್ಷಣದಲ್ಲೇ ಆ ಕುಗ್ಗಿದ ಕಾಲು ಪೂರ್ತಿ ವೇಗದ ಓಟಕ್ಕೆ ತೆರೆದುಕೊಳ್ಳಬೇಕು. ಕಂಬದ ಹತ್ತಿರ ಮತ್ತೆ ಅಷ್ಟೇ ಥಟ್ಟನೆ ತಡೆದು ತಿರುಗಬೇಕು. ದಿನಕ್ಕೆ ಒಂದೂವರೆ ಗಂಟೆ ಇದನ್ನೇ ಮಾಡುವ ಹದಿನಾಲ್ಕು ವರ್ಷದ ಹುಡುಗಿ ಸಂಜೆ ಬಂದು, "ಸಾರ್, ಮೀನಖಂಡ ಹಿಡ್ಕೊಂಡಿದೆ, ಹಿಂದೊಡೆ ಎಳೀತಿದೆ" ಎನ್ನುವುದರಲ್ಲಿ ಆಶ್ಚರ್ಯವಿಲ್ಲ. 2025ರ ಜನವರಿಯಲ್ಲಿ ದೆಹಲಿಯಲ್ಲಿ ನಡೆದ ಮೊದಲ ಖೋ ಖೋ ವಿಶ್ವಕಪ್ಪನ್ನು ಗೆದ್ದ ಭಾರತದ ಮಹಿಳಾ ತಂಡದಲ್ಲಿ ನಮ್ಮದೇ ಜಿಲ್ಲೆಯ ಕುರುಬೂರಿನ ಚೈತ್ರಾ ಬಿ. ಆಡಿದ್ದರು. ಅಂದಿನಿಂದ ಅಭ್ಯಾಸಕ್ಕೆ ಬರುವ ಮಕ್ಕಳ ಸಂಖ್ಯೆಯೂ ಅವರು ಮೈಮುರಿದು ಮಾಡುವ ಶ್ರಮವೂ ಹೆಚ್ಚಿವೆ. ನೋವಿನ ದೂರುಗಳೂ ಅದರ ಜೊತೆಯಲ್ಲೇ ಹೆಚ್ಚಿವೆ.

ಕಪ್ಪು ರೋಲರಿನ ಪೆಟ್ಟಿಗೆಯ ಮೇಲೆ, ಇದು ಅಂಟಿಕೊಂಡ ಫ್ಯಾಸಿಯಾವನ್ನು (ಸ್ನಾಯುವಿನ ಹೊದಿಕೆಯನ್ನು) ಒಡೆದು ಸ್ನಾಯುವನ್ನು ಬಿಡುಗಡೆ ಮಾಡುತ್ತದೆ ಎಂಬ ಅರ್ಥದ ಮಾತು ದೊಡ್ಡ ಅಕ್ಷರಗಳಲ್ಲಿ ಅಚ್ಚಾಗಿತ್ತು. ಕಂಪನಿಯ ಹೆಸರು ಇಲ್ಲಿ ಬೇಡ, ಏಕೆಂದರೆ ಹೆಚ್ಚುಕಡಿಮೆ ಇದೇ ಮಾತನ್ನು ಈ ಜಾತಿಯ ಅನೇಕ ಪೆಟ್ಟಿಗೆಗಳ ಮೇಲೆ ಕಂಡಿದ್ದೇನೆ. ಮಕ್ಕಳ ಮೈಮೇಲೆ ಒಂದು ವಸ್ತುವನ್ನು ಪ್ರಯೋಗಿಸುವ ಮೊದಲು ಅದು ಏನನ್ನು ಒಡೆಯುತ್ತದೆ, ಒಡೆಯಬೇಕಾದದ್ದು ಅಲ್ಲಿ ಇದೆಯೇ ಎಂದು ತಿಳಿಯುವುದು ನನ್ನ ಹೊಣೆ ಎನ್ನಿಸಿತು.

ಫ್ಯಾಸಿಯಾ ಎಂದರೇನು ಎಂದು ಹುಡುಗಿಯರಿಗೆ ತೋರಿಸಲು ನಾನು ದೇವನಹಳ್ಳಿಯ ಚಕ್ಕೋತ ಹಣ್ಣೊಂದನ್ನು ಮೈದಾನಕ್ಕೆ ಒಯ್ದಿದ್ದೆ. ಸಿಪ್ಪೆ ಸುಲಿದರೆ ಇಡೀ ಹಣ್ಣನ್ನು ಸುತ್ತಿದ ಬಿಳಿಯ ದಪ್ಪ ಪದರ ಕಾಣುತ್ತದೆ. ಅದರೊಳಗೆ ಪ್ರತಿ ತೊಳೆಗೂ ಒಂದು ಪೊರೆ. ತೊಳೆಯನ್ನು ಬಿಡಿಸಿದರೆ ರಸ ತುಂಬಿದ ಒಂದೊಂದು ಎಸಳಿಗೂ ತನ್ನದೇ ಆದ ಅತಿ ತೆಳುವಾದ ಹೊದಿಕೆ. ನಮ್ಮ ಸ್ನಾಯುವಿನ ಕಟ್ಟಡವೂ ಹೀಗೆಯೇ ಇದೆ: ಇಡೀ ಸ್ನಾಯುವಿಗೆ ಒಂದು ಹೊದಿಕೆ, ಅದರೊಳಗಿನ ನಾರಿನ ಕಂತೆಗಳಿಗೆ ಬೇರೆ ಹೊದಿಕೆ, ಕಂತೆಯೊಳಗಿನ ಒಂದೊಂದು ನಾರಿಗೂ ಮತ್ತೊಂದು ಹೊದಿಕೆ. ಇವೆಲ್ಲ ಮುಖ್ಯವಾಗಿ ಕೊಲ್ಯಾಜನ್ ಎಂಬ ಪ್ರೋಟೀನಿನಿಂದಾದ ಸಂಯೋಜಕ ಅಂಗಾಂಶ. ಅಂಗಾಲಿನ ಅಡಿಯಲ್ಲಿ, ತೊಡೆಯ ಹೊರಭಾಗದಲ್ಲಿ, ಸೊಂಟದ ಹಿಂಭಾಗದಲ್ಲಿ ಇದು ಹಾಳೆಯಂತೆ ದಪ್ಪವಾಗಿ, ಬಲವಾಗಿ ಹರಡಿಕೊಂಡಿರುತ್ತದೆ. ರಸವನ್ನೆಲ್ಲ ಹಿಂಡಿ ತೆಗೆದರೂ ಚಕ್ಕೋತದ ಪೊರೆಗಳು ಹಣ್ಣಿನ ಆಕಾರವನ್ನು ಉಳಿಸಿಕೊಂಡಿರುವುದನ್ನು ನೋಡಿದ ಮೇಲೆ ಹುಡುಗಿಯರಿಗೆ ಹೆಚ್ಚು ವಿವರಿಸಬೇಕಾಗಲಿಲ್ಲ.

ಈ ಹೊದಿಕೆ ಸುಮ್ಮನೆ ಸುತ್ತಿಕೊಂಡು ಕೂತಿರುವುದೂ ಇಲ್ಲ. ಸ್ನಾಯುವಿನ ಬಲವೆಲ್ಲ ತುದಿಯ ಸ್ನಾಯುರಜ್ಜುವಿನಿಂದಲೇ ಮೂಳೆಗೆ ತಲುಪುತ್ತದೆ ಎಂದು ನಮಗೆ ತರಬೇತಿ ಕಾಲೇಜಿನಲ್ಲಿ ಹೇಳಿಕೊಟ್ಟಿದ್ದರು. ಆಮ್‌ಸ್ಟರ್‌ಡ್ಯಾಮ್‌ನ ಸಂಶೋಧಕ ಪೀಟರ್ ಹೌಯಿಂಗ್ ಮತ್ತು ಅವರ ಸಂಗಡಿಗರು ಇಲಿಗಳ ಮೇಲೆ ನಡೆಸಿದ ಪ್ರಯೋಗಗಳು, ಬಲದ ಒಂದು ಪಾಲು ಈ ಹೊದಿಕೆಗಳ ಮೂಲಕ ಪಕ್ಕದ ಸ್ನಾಯುಗಳಿಗೂ ಸಾಗಬಲ್ಲದು ಎಂದು ತೋರಿಸಿದವು. ಇಟಲಿಯ ಪಾದುವಾ ವಿಶ್ವವಿದ್ಯಾಲಯದ ಕಾರ್ಲಾ ಸ್ಟೆಕ್ಕೊ ಅವರ ತಂಡ ಫ್ಯಾಸಿಯಾದ ಪದರಗಳ ನಡುವೆ ಹೈಲುರೊನಾನ್ ಎಂಬ ಜಾರುವ ವಸ್ತು ಇರುವುದನ್ನೂ, ಅದನ್ನು ಸ್ರವಿಸುವ ವಿಶೇಷ ಜೀವಕೋಶಗಳನ್ನೂ ವಿವರಿಸಿದೆ. ಆ ವಸ್ತು ತೆಳುವಾಗಿದ್ದಾಗ ಪದರಗಳು ಒಂದರ ಮೇಲೊಂದು ಸಲೀಸಾಗಿ ಸರಿಯುತ್ತವೆ. ಮಂದವಾದಾಗ ಸರಿದಾಟಕ್ಕೆ ತಡೆಯಾಗುತ್ತದೆ. ಇನ್ನೊಂದು ಸಂಗತಿ ನನಗೆ ಎಲ್ಲಕ್ಕಿಂತ ಮುಖ್ಯವಾಗಿ ಕಂಡಿತು: ಫ್ಯಾಸಿಯಾದಲ್ಲಿ ನರಗಳ ತುದಿಗಳು ಧಾರಾಳವಾಗಿವೆ. ಅಂದರೆ ಬಿಗಿತ, ಎಳೆತ, ನೋವು ಎಂದು ನಮಗೆ ಅನ್ನಿಸುವುದರ ಒಂದು ದೊಡ್ಡ ಪಾಲು ಅಲ್ಲಿಂದ ಬರುವ ಸುದ್ದಿಯೇ.

ಇನ್ನು ಒಡೆಯುವ ಮಾತು. 2008ರಲ್ಲಿ ಪ್ರಕಟವಾದ ಚೌಧರಿ ಮತ್ತು ಸಂಗಡಿಗರ ಲೆಕ್ಕಾಚಾರವೊಂದು ಅಂಗಾಲಿನ ಮತ್ತು ತೊಡೆಯ ಹೊರಬದಿಯ ಫ್ಯಾಸಿಯಾವನ್ನು ಗಣಿತದ ಮಾದರಿಯಲ್ಲಿಟ್ಟು ನೋಡಿತು. ಈ ಗಟ್ಟಿ ಹಾಳೆಗಳನ್ನು ಬರೀ ಶೇಕಡ 1ರಷ್ಟು ಅದುಮಲು, ಅಥವಾ ಶೇಕಡ 1ರಷ್ಟು ಪಕ್ಕಕ್ಕೆ ಸರಿಸಲು ಬೇಕಾಗುವ ಬಲವೇ ಮನುಷ್ಯನ ಕೈಯಿಂದ ಸಹಜವಾಗಿ ಬರುವ ಬಲವನ್ನು ಮೀರಿದ್ದು ಎಂದು ಅದು ಕಂಡುಕೊಂಡಿತು. 45 ಕಿಲೋ ತೂಕದ ಹುಡುಗಿಯೊಬ್ಬಳು ರೋಲರಿನ ಮೇಲೆ ಅರ್ಧ ಮೈಭಾರ ಹಾಕಿ ಹಿಂದೆ ಮುಂದೆ ಉರುಳಿದ ಮಾತ್ರಕ್ಕೆ ಇಂಥ ಹಾಳೆ ಹಿಗ್ಗುವುದಿಲ್ಲ. ಅಷ್ಟರಿಂದ ಅದು ಹಿಗ್ಗುವಂತಿದ್ದರೆ ಪ್ರತಿ ನೆಗೆತಕ್ಕೂ ನಮ್ಮ ಅಂಗಾಲಿನ ಕಮಾನು ಕುಸಿಯಬೇಕಿತ್ತು. ತೊಡೆಯ ಹೊರಬದಿಯಲ್ಲಿ ಸೊಂಟದಿಂದ ಮೊಣಕಾಲಿನ ಕೆಳಗಿನವರೆಗೆ ಇಳಿಯುವ ಐ.ಟಿ. ಬ್ಯಾಂಡ್ ಎಂಬ ಪಟ್ಟಿಯನ್ನು ಓಟಗಾರರು ರೋಲರಿನ ಮೇಲೆ ಕಣ್ಣೀರು ಬರುವಷ್ಟು ಉಜ್ಜಿಕೊಳ್ಳುವುದನ್ನು ನೋಡಿದ್ದೇನೆ. ಆ ಪಟ್ಟಿ ತೊಡೆಮೂಳೆಗೆ ಭದ್ರವಾಗಿ ಬಂಧಿಸಿಕೊಂಡಿದೆ, ಅಲ್ಲಿನ ನೋವಿಗೆ ಅದರ ಕೆಳಗಿರುವ ಕೊಬ್ಬಿನ ಮೆತ್ತೆ ಅದುಮಿಕೊಳ್ಳುವುದು ಕಾರಣವಿರಬಹುದು ಎಂದು 2006ರ ಅಂಗರಚನಾ ಅಧ್ಯಯನವೊಂದು ವಾದಿಸಿದೆ. ಅದುಮಿಕೊಂಡು ನೊಂದಿರುವ ಜಾಗವನ್ನು ಇನ್ನಷ್ಟು ಅದುಮುವುದರಲ್ಲಿ ನನಗೆ ಅರ್ಥ ಕಾಣಲಿಲ್ಲ. ನಮ್ಮಲ್ಲಿ ಒಬ್ಬ ಹುಡುಗಿ ಮೊದಲ ವಾರದಲ್ಲೇ ಹೀಗೆ ಮಾಡಿ ತೊಡೆಯ ಮೇಲೆ ಅಂಗೈಯಗಲ ಕಂದಿಸಿಕೊಂಡಳು. ಅಂದಿನಿಂದ ತಂಡದಲ್ಲಿ ತೊಡೆಯ ಹೊರಬದಿಗೆ ರೋಲರ್ ಮುಟ್ಟಿಸುವುದನ್ನೇ ನಿಲ್ಲಿಸಿದ್ದೇನೆ.

ಹಾಗಾದರೆ ರೋಲರ್ ಏನನ್ನೂ ಮಾಡುವುದಿಲ್ಲವೇ? ಮಾಡುತ್ತದೆ, ಅದನ್ನು ಕಣ್ಣಾರೆ ಕಂಡಿದ್ದರಿಂದಲೇ ಈ ವಿಮರ್ಶೆ ಬರೆಯುತ್ತಿದ್ದೇನೆ. ಕೆನಡಾದ ನ್ಯೂಫೌಂಡ್‌ಲ್ಯಾಂಡ್‌ನ ಮೆಮೋರಿಯಲ್ ವಿಶ್ವವಿದ್ಯಾಲಯದಲ್ಲಿ ನಡೆದು 2013ರಲ್ಲಿ ಪ್ರಕಟವಾದ ಪ್ರಯೋಗದಲ್ಲಿ, ತೊಡೆಯ ಮುಂಭಾಗವನ್ನು ಒಂದೊಂದು ನಿಮಿಷದಂತೆ ಎರಡು ಬಾರಿ ಉರುಳಿಸಿಕೊಂಡವರ ಮೊಣಕಾಲಿನ ಮಡಿಕೆ ಎರಡು ನಿಮಿಷಗಳ ನಂತರ ಸುಮಾರು 10 ಡಿಗ್ರಿ, ಹತ್ತು ನಿಮಿಷಗಳ ನಂತರ ಸುಮಾರು 8 ಡಿಗ್ರಿ ಹೆಚ್ಚಿತ್ತು, ಸ್ನಾಯುವಿನ ಬಲವೂ ಕುಂದಿರಲಿಲ್ಲ. 2015ರ ಮತ್ತೊಂದು ಪ್ರಯೋಗ ಇನ್ನೂ ಕುತೂಹಲಕರವಾದದ್ದು: ಒಂದು ಕಾಲಿನ ನೋಯುವ ಮೀನಖಂಡಕ್ಕೆ ರೋಲರ್ ಒತ್ತಿದಾಗ ಮುಟ್ಟದೇ ಬಿಟ್ಟ ಇನ್ನೊಂದು ಕಾಲಿನ ಮೀನಖಂಡದಲ್ಲೂ ಒತ್ತಿದರೆ ಆಗುವ ನೋವು ಕಡಿಮೆಯಾಯಿತು. ಮುಟ್ಟದ ಕಾಲಿನ ಫ್ಯಾಸಿಯಾವನ್ನು ಯಾವ ರೋಲರೂ ಒಡೆಯಲಾರದು. ಅಲ್ಲಿ ಬದಲಾದದ್ದು ನರವ್ಯೂಹ ಆ ಸುದ್ದಿಯನ್ನು ಓದಿಕೊಳ್ಳುವ ಬಗೆ ಎಂದೇ ನಾನು ತಿಳಿದಿದ್ದೇನೆ. ಒತ್ತಡ, ಉಜ್ಜುವಿಕೆಯ ಬಿಸಿ, ಪದರಗಳ ನಡುವಿನ ಜಾರುವ ವಸ್ತು ತೆಳುವಾಗುವುದು ಇವೂ ಸ್ವಲ್ಪ ಸೇರಿಕೊಂಡಿರಬಹುದು. ಇಂಥ ಪ್ರಯೋಗಗಳನ್ನು ಒಟ್ಟುಗೂಡಿಸಿ 2019ರಲ್ಲಿ ಪ್ರಕಟವಾದ ವಿಶ್ಲೇಷಣೆಯೊಂದರ ಪ್ರಕಾರ, ಆಟಕ್ಕೆ ಮುನ್ನ ರೋಲರ್ ಬಳಸಿದರೆ ಬಾಗುವಿಕೆ ಸರಾಸರಿ ಶೇಕಡ 4, ವೇಗದ ಓಟ ಶೇಕಡ 0.7ರಷ್ಟು ಸುಧಾರಿಸುತ್ತದೆ, ಆಟದ ನಂತರ ಬಳಸಿದರೆ ಸ್ನಾಯುನೋವಿನ ಅನುಭವ ಶೇಕಡ 6ರಷ್ಟು ತಗ್ಗುತ್ತದೆ. ಇವು ಸಣ್ಣ ಲಾಭಗಳು. ಆದರೂ 1,150 ರೂಪಾಯಿಯ ಒಂದು ವಸ್ತು ಹದಿನಾಲ್ಕು ಮಕ್ಕಳಿಗೆ ವರ್ಷಪೂರ್ತಿ ಈ ಸಣ್ಣ ಲಾಭವನ್ನು ಕೊಡುವುದಾದರೆ ನಾನು ಅದನ್ನು ಬೇಡವೆನ್ನುವುದಿಲ್ಲ.

ಮೈದಾನದಲ್ಲಿ ನಾವೂ ಅಳೆದು ನೋಡಿದೆವು. ಗೋಡೆಯೆದುರು ನಿಂತು, ಹಿಮ್ಮಡಿ ಎತ್ತದೆ ಮೊಣಕಾಲನ್ನು ಗೋಡೆಗೆ ಮುಟ್ಟಿಸಿ, ಹೆಬ್ಬೆರಳು ಗೋಡೆಯಿಂದ ಎಷ್ಟು ದೂರ ಹೋಗಬಲ್ಲದು ಎಂದು ಟೇಪಿನಿಂದ ಅಳೆಯುವ ಸರಳ ಪರೀಕ್ಷೆ ಅದು. ಮೀನಖಂಡವನ್ನು ಒಂದೂವರೆ ನಿಮಿಷ ನಿಧಾನವಾಗಿ ಉರುಳಿಸಿದ ಕೂಡಲೇ ಹೆಚ್ಚಿನ ಹುಡುಗಿಯರಲ್ಲಿ ಒಂದರಿಂದ ಎರಡು ಸೆಂಟಿಮೀಟರ್ ಹೆಚ್ಚು ಸಿಕ್ಕಿತು. ಸುಮ್ಮನೆ ಕೂತು ಅರ್ಧ ಗಂಟೆ ಕಳೆದ ಮೇಲೆ ಬಹುಪಾಲು ಮೊದಲಿನ ಜಾಗಕ್ಕೇ ಮರಳಿತು. ಇದನ್ನು ಅಧ್ಯಯನವೆಂದು ಕರೆಯಲಾರೆ, ಆದರೆ ನನ್ನ ಅಭ್ಯಾಸಕ್ರಮವನ್ನು ಬದಲಿಸಲು ಅಷ್ಟು ಸಾಕಾಯಿತು. ಮೊದಲು ನಾವು ಮನೆಗೆ ಹೊರಡುವಾಗ ರೋಲರ್ ಬಳಸುತ್ತಿದ್ದೆವು. ಈಗ ಅಭ್ಯಾಸದ ಆರಂಭದಲ್ಲಿ ಬಳಸಿ, ಸಡಿಲವಾದ ಆ ಹತ್ತು ನಿಮಿಷಗಳೊಳಗೆ ಆಳವಾದ ಕುಕ್ಕರುಗಾಲು, ಕಾಲು ಚಾಚಿ ಮುನ್ನಡೆಯುವ ಲಂಜ್, ಹಿಮ್ಮಡಿ ಎತ್ತಿ ಇಳಿಸುವ ವ್ಯಾಯಾಮಗಳನ್ನು ಮಾಡಿಸುತ್ತೇನೆ. ಸಿಕ್ಕ ಬಾಗುವಿಕೆಯೊಳಗೆ ಬಲ ತುಂಬಿದರೆ ಮಾತ್ರ ಅದು ಮೈಯಲ್ಲಿ ಉಳಿಯುತ್ತದೆ ಎಂಬುದು ನನ್ನ ಅನುಭವ. ಅದೇ ಗೋಡೆಯ ಪರೀಕ್ಷೆಯಿಂದ ಇನ್ನೊಂದೂ ತಿಳಿಯಿತು. ಸದಾ ಕಾಲು ಬಿಗಿಯೆಂದು ದೂರುತ್ತಿದ್ದ ಹುಡುಗಿಯ ಅಳತೆಯೇ ತಂಡದಲ್ಲಿ ಎಲ್ಲರಿಗಿಂತ ಹೆಚ್ಚಾಗಿತ್ತು. ಅವಳ ಸ್ನಾಯು ಗಿಡ್ಡವಾಗಿರಲಿಲ್ಲ, ದಣಿದಿತ್ತು. ಅವಳಿಗೆ ಬೇಕಾಗಿದ್ದದ್ದು ವಾರಕ್ಕೆ ಒಂದು ದಿನ ಹೆಚ್ಚಿನ ವಿಶ್ರಾಂತಿ ಮತ್ತು ಒಂಟಿಗಾಲಿನಲ್ಲಿ ಹಿಮ್ಮಡಿ ಎತ್ತುವ ವ್ಯಾಯಾಮ.

ಬಳಸುವ ಬಗೆಯಲ್ಲಿ ನಾವು ಕಲಿತದ್ದು ಇಷ್ಟು. ಮೀನಖಂಡ, ತೊಡೆಯ ಮುಂಭಾಗ ಮತ್ತು ಹಿಂಭಾಗ, ಪೃಷ್ಠ ಇವಕ್ಕೆ ರೋಲರ್ ಚೆನ್ನಾಗಿ ಹೊಂದುತ್ತದೆ. ಮೊಣಕಾಲಿನ ಹಿಂಗುಳಿಗೆ, ಸೊಂಟದ ಬೆನ್ನುಮೂಳೆಗೆ, ಚರ್ಮದಡಿಯೇ ಮೂಳೆ ಸಿಗುವ ಯಾವ ಜಾಗಕ್ಕೂ ಅದನ್ನು ಒತ್ತಬಾರದು. ಒಂದು ಉಸಿರು ಎಳೆದು ಬಿಡುವಷ್ಟು ಹೊತ್ತಿನಲ್ಲಿ ಒಂದು ಗೇಣು ಸಾಗಿದರೆ ಸಾಕು. ಲಟಪಟನೆ ಉಜ್ಜಿದರೆ ಸ್ನಾಯು ಎದುರುಗಟ್ಟಿ ನಿಲ್ಲುತ್ತದೆ. ಹಲ್ಲು ಕಚ್ಚಬೇಕಾಗುವಷ್ಟು ನೋವಾದರೆ ಭಾರವನ್ನು ಕೈಗಳ ಮೇಲೆ ತೆಗೆದುಕೊಳ್ಳಬೇಕು. ಹೆಚ್ಚು ನೋವಾದಷ್ಟೂ ಹೆಚ್ಚು ಗುಣ ಎಂಬ ನಂಬಿಕೆ ಮಕ್ಕಳಲ್ಲಿ ಬಲವಾಗಿದೆ, ಅದನ್ನು ಬಿಡಿಸಲು ನನಗೆ ಎರಡು ತಿಂಗಳು ಬೇಕಾಯಿತು.

ಇಲ್ಲಿ ಒಂದು ತಪ್ಪನ್ನು ಒಪ್ಪಿಕೊಳ್ಳಬೇಕು. ಸೆಪ್ಟೆಂಬರಿನಲ್ಲಿ ನಮ್ಮ ತಂಡದ ಅತ್ಯಂತ ಚುರುಕಾದ ಓಟಗಾರ್ತಿ ಮೊಣಕಾಲಿನ ಕೆಳಗೆ, ಕಾಲಿನ ಒಳಬದಿಯಲ್ಲಿ ಬಿಗಿ ಎಂದಳು. ಎರಡು ವಾರ ಅವಳ ಮೀನಖಂಡಕ್ಕೆ ರೋಲರ್ ಮಾಡಿಸಿದೆ. ಉರುಳಿಸಿದ ಮೇಲೆ ಸ್ವಲ್ಪ ಹೊತ್ತು ಹಗುರವಾಗುತ್ತಿತ್ತು, ಆ ಹಗುರದಲ್ಲಿ ಅವಳು ಮತ್ತೆ ಪೂರ್ತಿ ಓಡುತ್ತಿದ್ದಳು. ಕೊನೆಗೆ ಮೈಸೂರಿನ ಫಿಸಿಯೋಥೆರಪಿಸ್ಟ್ ಒಬ್ಬರ ಬಳಿ ಕರೆದೊಯ್ದಾಗ ಅವರು ಒಂದೇ ಬೆರಳಿನಿಂದ ಮೂಳೆಯ ಒಂದು ಬಿಂದುವನ್ನು ಒತ್ತಿದರು, ಹುಡುಗಿ ಕಿರುಚಿದಳು. ಒಂಟಿಗಾಲಿನಲ್ಲಿ ಕುಪ್ಪಳಿಸಲು ಅವಳಿಂದ ಆಗಲಿಲ್ಲ. ಎಕ್ಸ್‌ರೇಯಲ್ಲಿ ಏನೂ ಕಾಣಲಿಲ್ಲ, ಎಂ.ಆರ್.ಐ.ಯಲ್ಲಿ ಮೂಳೆಗೆ ಒತ್ತಡದ ಪೆಟ್ಟು ಬಿದ್ದಿರುವುದು ಕಂಡಿತು. ಎರಡು ತಿಂಗಳು ಅವಳು ಓಡಲಿಲ್ಲ, ಜಿಲ್ಲಾ ಮಟ್ಟದ ಪಂದ್ಯವೂ ತಪ್ಪಿತು. ರೋಲರ್ ಅವಳ ಮೂಳೆಗೆ ಪೆಟ್ಟು ಮಾಡಲಿಲ್ಲ. ಆದರೆ ಅದು ಕೊಡುವ ತಾತ್ಕಾಲಿಕ ಸಡಿಲವನ್ನು ನಾನು ಗುಣವೆಂದು ಓದಿಕೊಂಡೆ, ಅದರ ಬೆಲೆಯನ್ನು ಅವಳು ತೆತ್ತಳು. ಒಂದೇ ಬಿಂದುವಿನಲ್ಲಿ ಮೂಳೆಯ ಮೇಲೆ ನೋವು, ರಾತ್ರಿ ಮಲಗಿದಾಗಲೂ ಬಿಡದ ನೋವು, ಊತ, ಜೋಮು, ಎರಡು ವಾರಕ್ಕೂ ಇಳಿಯದ ಬಿಗಿತ ಇವುಗಳಲ್ಲಿ ಒಂದಿದ್ದರೂ ರೋಲರನ್ನು ಬದಿಗಿಟ್ಟು ವೈದ್ಯರಿಗೆ ತೋರಿಸಿ ಎಂದು ಇದನ್ನು ಓದುವ ಪ್ರತಿ ತರಬೇತುದಾರರನ್ನೂ ಬೇಡಿಕೊಳ್ಳುತ್ತೇನೆ.

ಆ ಫಿಸಿಯೋಥೆರಪಿಸ್ಟ್ ಅವರಿಂದಲೇ ಅಂಗಾಲಿನ ವಿಷಯದಲ್ಲೂ ಒಂದು ಒಳ್ಳೆಯ ಪಾಠ ದೊರೆಯಿತು. ಬೆಳಿಗ್ಗೆ ಎದ್ದು ಮೊದಲ ಹೆಜ್ಜೆ ಇಡುವಾಗ ಹಿಮ್ಮಡಿಯಲ್ಲಿ ಚುಚ್ಚುವ ನೋವು ನನಗೇ ಇತ್ತು. ಪಾದದಡಿ ಟೆನಿಸ್ ಚೆಂಡನ್ನು ಉರುಳಿಸಿದರೆ ಹಿತವೆನಿಸುತ್ತಿತ್ತು, ಮರುದಿನ ಮತ್ತೆ ಅದೇ ಪಾಡು. ಅವರು ಹೇಳಿದಂತೆ ಮೆಟ್ಟಿಲಿನ ಅಂಚಿನಲ್ಲಿ ನಿಂತು, ಕಾಲ್ಬೆರಳುಗಳ ಕೆಳಗೆ ಸುತ್ತಿದ ಟವೆಲ್ ಇಟ್ಟು, ಹಿಮ್ಮಡಿಯನ್ನು ನಿಧಾನವಾಗಿ ಎತ್ತಿ ಇಳಿಸುವ ವ್ಯಾಯಾಮವನ್ನು ದಿನ ಬಿಟ್ಟು ದಿನ ಮಾಡಿದೆ. ಬೆರಳುಗಳು ಮೇಲಕ್ಕೆ ಬಾಗಿದಾಗ ಅಂಗಾಲಿನ ಫ್ಯಾಸಿಯಾ ರಾಟೆಗೆ ಸುತ್ತಿದ ಹಗ್ಗದಂತೆ ಬಿಗಿಯುತ್ತದೆ, ಆ ಬಿಗಿಯಲ್ಲೇ ಭಾರ ಹೊರಿಸುವುದು ಇದರ ತತ್ವ. 2015ರಲ್ಲಿ ಡೆನ್ಮಾರ್ಕಿನ ಸಂಶೋಧಕರು ಇದೇ ವ್ಯಾಯಾಮವನ್ನು ಅಂಗಾಲು ಎಳೆಯುವ ಸ್ಟ್ರೆಚಿಂಗ್‌ಗೆ ಹೋಲಿಸಿ ನೋಡಿದಾಗ ಮೂರು ತಿಂಗಳ ಹೊತ್ತಿಗೆ ವ್ಯಾಯಾಮ ಮಾಡಿದವರು ಹೆಚ್ಚು ಸುಧಾರಿಸಿದ್ದರು. ನನಗೂ ಸುಮಾರು ಅಷ್ಟೇ ಕಾಲ ಹಿಡಿಯಿತು. ಫ್ಯಾಸಿಯಾ ಬದಲಾಗುವುದು ನಿಜ, ತಿಂಗಳುಗಟ್ಟಲೆ ಹೊತ್ತ ಭಾರಕ್ಕೆ ಅದು ಬದಲಾಗುತ್ತದೆ.

ಬೆಲೆಯ ಮಾತಿಗೆ ಬಂದರೆ, ನಮ್ಮ ತಂಡದ ಒಬ್ಬ ಹುಡುಗಿ ಮನೆಯಲ್ಲಿ ಚಪಾತಿ ಲಟ್ಟಿಸುವ ಲಟ್ಟಣಿಗೆಯನ್ನೇ ಮೀನಖಂಡಕ್ಕೆ ಬಳಸುತ್ತಿದ್ದಳು. ಬೆಂಚಿನ ಮೇಲೆ ಕೂತು, ಕಾಲು ಮಡಿಸಿ, ಎರಡು ಕೈಯಲ್ಲಿ ಹಿಡಿದು ಮೇಲಿನಿಂದ ಕೆಳಕ್ಕೆ ಉರುಳಿಸುವುದು. ಗೋಡೆಯ ಪರೀಕ್ಷೆಯಲ್ಲಿ ಅವಳಿಗೆ ಸಿಕ್ಕ ಲಾಭ ಉಳಿದವರಿಗೆ ಸಿಕ್ಕಷ್ಟೇ ಇತ್ತು. ಒತ್ತಡವನ್ನು ಕೈಯಿಂದಲೇ ಹದಮಾಡಬಹುದಾದ್ದರಿಂದ ಸಣ್ಣ ಮಕ್ಕಳಿಗೆ ಇದೇ ಹೆಚ್ಚು ಕ್ಷೇಮ ಎಂದೂ ಹೇಳುತ್ತೇನೆ. ತೊಡೆಯ ಹಿಂಭಾಗಕ್ಕೆ ಮತ್ತು ಪೃಷ್ಠಕ್ಕೆ ಮಾತ್ರ ಇದು ಸಾಲದು. ಮೈಸೂರಿನ ಗರಡಿಮನೆಗಳಲ್ಲಿ ಪೈಲ್ವಾನರು ಒಬ್ಬರಿಗೊಬ್ಬರು ಮಾಡಿಕೊಳ್ಳುವ ಎಣ್ಣೆ ಮಾಲೀಸಿಗೆ ಯಾವ ರೋಲರೂ ಸಾಟಿಯಲ್ಲ, ಏಕೆಂದರೆ ಪಳಗಿದ ಕೈ ಎಲ್ಲಿ ನಿಲ್ಲಬೇಕೆಂದು ಬಲ್ಲದು. ಆದರೆ ಹದಿನಾಲ್ಕು ಹುಡುಗಿಯರಿಗೆ ದಿನವೂ ಮಾಲೀಸು ಮಾಡುವವರು ನಮ್ಮ ಶಾಲೆಯಲ್ಲಿ ಯಾರೂ ಇಲ್ಲ, ಆ ಕೊರತೆಯನ್ನು ರೋಲರ್ ಒಂದಿಷ್ಟು ತುಂಬುತ್ತದೆ.

ಬಾಳಿಕೆಯ ಬಗ್ಗೆ: ಬಿಳಿ ರೋಲರ್ ಎರಡೇ ತಿಂಗಳಲ್ಲಿ ನಡುವೆ ತಗ್ಗುಬಿದ್ದು ಬಾಳೆಕಾಯಿಯಂತೆ ಬಾಗಿತು. ಕಪ್ಪು ರೋಲರ್‌ಗಳ ಆಕಾರ ಎಂಟು ತಿಂಗಳ ನಂತರವೂ ಹಾಗೆಯೇ ಇದೆ. ಒಂದರಲ್ಲಿ ಮಾತ್ರ ಅಂಚಿನ ಫೋಮ್ ಕೊಳವೆಯಿಂದ ಎರಡು ಬೆರಳಗಲ ಬಿಟ್ಟುಕೊಂಡಿತು, ರಬ್ಬರ್ ಅಂಟಿನಿಂದ ಸರಿಪಡಿಸಿದೆವು. ಉಬ್ಬುತಗ್ಗುಗಳ ಸಂದಿಯಲ್ಲಿ ಮೈದಾನದ ಕೆಮ್ಮಣ್ಣು ಕೂರುತ್ತದೆ, ಸಾಬೂನಿನ ನೀರಿನಲ್ಲಿ ಬ್ರಷ್ ಹಾಕಿದರೆ ಹೋಗುತ್ತದೆ. ಬಿಸಿಲಿನಲ್ಲಿ ಬಿಟ್ಟರೆ ಫೋಮ್ ಅಂಟಂಟಾಗುವುದರಿಂದ ನೆರಳಿನಲ್ಲಿಡಬೇಕು. 33 ಸೆಂಟಿಮೀಟರ್ ಉದ್ದ ಎರಡೂ ಮೀನಖಂಡಗಳಿಗೆ ಒಟ್ಟಿಗೆ ಸಾಕಾಗುತ್ತದೆ, ಚೀಲದಲ್ಲೂ ಹಿಡಿಯುತ್ತದೆ. ಬ್ಯಾಟರಿಯಿಂದ ಅದುರುವ ರೋಲರ್‌ಗಳು ಇದರ ಹಲವು ಪಟ್ಟು ಬೆಲೆಗೆ ಸಿಗುತ್ತವೆ. ಶಾಲೆಯ ಹಣದಲ್ಲಿ ಅವನ್ನು ಕೊಳ್ಳುವ ಅಗತ್ಯ ನನಗೆ ಕಾಣಲಿಲ್ಲ.

ಐದರಲ್ಲಿ ಅಂಕ ಕೊಡಬೇಕೆಂದರೆ ಕಪ್ಪು ರೋಲರಿಗೆ ನಾಲ್ಕು ಕೊಡುತ್ತೇನೆ, ಬಿಳಿಯದಕ್ಕೆ ಒಂದೂವರೆ. ಜೂನಿನಲ್ಲಿ ಎಂಟನೇ ತರಗತಿಯ ಹೊಸ ಮಕ್ಕಳು ತಂಡಕ್ಕೆ ಸೇರುವ ಹೊತ್ತಿಗೆ ಇನ್ನೂ ಎರಡು ಕಪ್ಪು ರೋಲರ್‌ಗಳನ್ನು ತರಿಸಲಿದ್ದೇನೆ. ಈ ಬಾರಿ ಅವುಗಳ ಪೆಟ್ಟಿಗೆ ಮೈದಾನಕ್ಕೆ ಬರುವುದಿಲ್ಲ. ಎಲ್ಲಿ ಉರುಳಿಸಬಹುದು, ಎಲ್ಲಿ ಕೂಡದು, ಯಾವ ನೋವು ಬಂದರೆ ನನ್ನ ಬಳಿ ಓಡಿ ಬರಬೇಕು ಎಂದು ಹುಡುಗಿಯರೇ ಬರೆದ ಒಂದು ಹಾಳೆಯನ್ನು ಸಾಮಾನು ಕೋಣೆಯ ಬಾಗಿಲಿಗೆ ಅಂಟಿಸಿದ್ದೇವೆ. ಅದರ ಕೊನೆಯ ಎರಡು ಸಾಲುಗಳನ್ನು ಬರೆದವಳು ಸೆಪ್ಟೆಂಬರಿನಲ್ಲಿ ಪೆಟ್ಟು ತಿಂದ ಆ ಓಟಗಾರ್ತಿಯೇ. ಜನವರಿಯಿಂದ ಅವಳು ಮತ್ತೆ ಓಡುತ್ತಿದ್ದಾಳೆ.